ಆಷಾಢದಲ್ಲಿ ಬಿಚ್ಚಿದ ಸ್ಟೀರಿಂಗು

ಜೂನ್ ೨೬, ಗುರುವಾರ

ಈ ಪುಸ್ತಕ ಮಗಳು ಶೃತಿ ಕೊಟ್ಟಿದ್ದು. ಅವಳು ಕೆಲಸ ಮಾಡುವ ಜೆ.ಪಿ. ನಗರದ ಕ್ಲಿನಿಕ್ಕಿಗೆ ಯಾರೋ ಪುಕ್ಕಟೆ ಕೊಟ್ಟ ಹೋದ ವರ್ಷದ ಡೈರಿ. ವಾರ ಒಂದೂ ಸರಿಯಿಲ್ಲ, ಹೊಡೆದುಹಾಕಿ ಬರೆಯುತ್ತಿದ್ದೇನೆ. “ಅಪ್ಪ, ಬಿಪಿ ನೂರ ಎಪ್ಪತ್ತು ದಾಟಿದೆ. ಕೋಪ ಬಂದಾಗ ಬಾಯಿ ತೆಗೀಬೇಡಿ, ಇದನ್ನ ತೆಗೀರಿ” ಅಂದಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನಿಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ.

ಇವತ್ತು ಕೋಪ ಬಂದಿದೆ. ತೆಗೆದೆ.

ಬೆಳಿಗ್ಗೆ ಬನಶಂಕರಿಯಿಂದ ಸೊಪ್ಪು, ತರಕಾರಿ ಹಾಕಿಕೊಂಡು ನಮ್ಮ ಹಳೇ ಪಿಕಪ್ ಟ್ರಕ್ಕಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ನಾಗಲಕ್ಷ್ಮಿ. ಚಿಕ್ಕಲಸಂದ್ರದ ನಮ್ಮ ರಸ್ತೆಗೆ ಬಂದು ಸ್ಟೀರಿಂಗು ತಿರುಗಿಸಿದೆ. ನಾನು ತಿರುಗಿಸಿದೆ, ಟ್ರಕ್ಕು ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಆಗ ಏನೋ ನೆನಪಾದಂತೆ ಒಮ್ಮೆಲೇ ತಿರುಗಿ, ಎದುರುಮನೆ ಅನಂತರಾಮು ಅವರ ಗೇಟಿಗೆ ಮೂತಿ ಕೊಟ್ಟು ನಿಂತಿತು. ಕಂಬದ ಮೇಲಿದ್ದ ಗಾಜಿನ ದೀಪ ಬಾನೆಟ್ಟಿನ ಮೇಲೆ ಬಿದ್ದು ಪುಡಿ.

ಅನಂತರಾಮು ಬ್ಯಾಂಕಿನಲ್ಲಿದ್ದು ರಿಟೈರಾದವರು. ಪಂಚೆ ಸರಿಮಾಡಿಕೊಳ್ಳುತ್ತಾ ಬಂದು, “ಪರವಾಗಿಲ್ಲ ಬೈರಣ್ಣೋರೆ, ಆ ದೀಪ ಹೇಗೂ ಉರೀತಿರಲಿಲ್ಲ” ಅಂದರು. ಬೈದಿದ್ದರೆ ನಾನೂ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈ ಮರ್ಯಾದಸ್ಥರಿಂದ ಬಹಳ ತೊಂದರೆ.

ನಾಗಲಕ್ಷ್ಮಿ ಇಳಿದು, ಸೊಪ್ಪಿನ ಚೀಲ ತೆಗೆದುಕೊಂಡು ಒಳಗೆ ಹೋದಳು. ಒಳಗಿನಿಂದ ಸ್ಪೀಕರಿಗೆ ಹಾಕಿದ ಫೋನಿನ ಸದ್ದು. ಹುಳಿಮಾವಿನ ಹತ್ತಿರ ಹೋಟೆಲು ಇಟ್ಟಿರುವ ಕೆಂಪರಾಜು. ಆರು ತಿಂಗಳಿಂದ ನನ್ನ ಟ್ರಕ್ಕಿನ ಮೇಲೆ ಕಣ್ಣಿಟ್ಟಿರುವ ಪ್ರಾಣಿ. ಇಂಜಿನ್ನು ತೆಗೆದು, ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ, ಹಿಂದೆ ಹೂಕುಂಡ ಇಡುತ್ತಾನಂತೆ. ಜನ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ಒಂದೂವರೆ ಟನ್ ಕಲ್ಲು ಹೊತ್ತ ಗಾಡಿಯ ಬೆನ್ನ ಮೇಲೆ ಸೇವಂತಿಗೆ!

“ತಗೊಂಡು ಹೋಗಪ್ಪ ಕೆಂಪರಾಜು” ಅಂದಳು ಇವಳು.

“ಅಯ್ಯೋ ಅಕ್ಕ, ಇವತ್ತಿಂದ ಆಷಾಢ ಅಲ್ವಾ? ಗಾಡಿ ತಗೊಳ್ಳಕಾಗಲ್ಲ. ಶ್ರಾವಣದ ಮೊದಲನೇ ಶುಕ್ರವಾರ ಬರ್ತೀನಿ.”

ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿದಳು. “ಅಷ್ಟರೊಳಗೆ ಸ್ಟೀರಿಂಗ್ ಸರಿಯಾದ್ರೆ ಆಮೇಲೆ ಯೋಚನೆ ಮಾಡ್ತೀನಿ. ಇಲ್ದಿದ್ರೆ ಸೈನ್ ಹಾಕ್ತೀನಿ. ನಾನಂತೂ ಅದರೊಳಗೆ ಕೂರಲ್ಲ.”

ಸೈನ್ ಅವಳೇ ಹಾಕಬೇಕು. ಮೂವತ್ತೊಂದು ವರ್ಷ ಓಡಿಸಿದ್ದು ನಾನು, ಆರ್‌ಸಿ ಇರುವುದು ಅವಳ ಹೆಸರಿನಲ್ಲಿ. ತೊಂಬತ್ತನಾಲ್ಕರಲ್ಲಿ ಜೋಯಿಸರು ಕವಡೆ ಹಾಕಿ, ಬೈರಣ್ಣ ಎಂಬ ಹೆಸರಿಗೆ ನಾಲ್ಕು ಚಕ್ರ ಆಗಿಬರುವುದಿಲ್ಲ, ನಾಗಲಕ್ಷ್ಮಿಗೆ ಬಲ ಇದೆ ಎಂದರು. ಆ ಜೋಯಿಸರು ಈಗಿಲ್ಲ. ಇದ್ದಿದ್ದರೆ ಮನೆಗೆ ಹೋಗಿ ಕೇಳುತ್ತಿದ್ದೆ.

ಇಪ್ಪತ್ತೊಂಬತ್ತು ದಿನ ಇದೆ. ಸ್ಟೀರಿಂಗು ಸರಿಮಾಡಲು ನನಗೆ ಒಂದು ಮಧ್ಯಾಹ್ನ ಸಾಕು.

ಜೂನ್ ೨೮, ಶನಿವಾರ

ಒಂದು ಮಧ್ಯಾಹ್ನ ಸಾಕಾಗಲಿಲ್ಲ.

ಟೈರಿನ ಗಾಳಿ ನೋಡಿದೆ. ಸರಿಯಿದೆ. ಚಕ್ರದ ಬೇರಿಂಗು ಅಲ್ಲಾಡಿಸಿದೆ. ಸರಿಯಿದೆ. ರಸ್ತೆಯನ್ನು ಬೈದೆ. ಅದು ಯಾವತ್ತೂ ಸರಿಯಿಲ್ಲದಿರುವುದರಿಂದ ಏನೂ ಗೊತ್ತಾಗಲಿಲ್ಲ.

ಆಮೇಲೆ ಗಾಡಿ ಕೆಳಗೆ ಮಲಗಿ, ನಾಗಲಕ್ಷ್ಮಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅದರೊಳಗೆ ಕೂರುವುದಿಲ್ಲ ಅಂದವಳು, ನಿಂತ ಗಾಡಿ ಲೆಕ್ಕಕ್ಕಿಲ್ಲ ಅಂತ ಹತ್ತಿದಳು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೇ ಪದ್ಧತಿ. ನಾನು ಕೆಳಗೆ, ಅವಳು ಮೇಲೆ. ನಾನು ಹೇಳಿದ ಕಡೆ ಅವಳು ತಿರುಗಿಸಬೇಕು.

“ಎಡಕ್ಕೆ!” ಅಂದೆ. ತಿರುಗಿಸಿದಳು.

“ಆ ಎಡಕ್ಕಲ್ಲ ಕಣೇ, ನನ್ನ ಎಡಕ್ಕೆ!”

“ಎಡ ಅಂದ್ರೆ ಒಂದೇ ಅಲ್ವೇನ್ರೀ?”

“ನಾನು ಮಲಗಿದೀನಿ! ಮಲಗಿದೋನ ಎಡ ಬೇರೆ!”

“ಹಂಗಾದ್ರೆ ಎದ್ದು ಹೇಳಿ.”

ಕೂಗಿದೆ. ಎಷ್ಟು ಕೂಗಿದೆ ಎಂದರೆ ಅನಂತರಾಮು ಬಂದು ನೀರು ಬೇಕೇ ಎಂದು ಕೇಳಿದರು.

ಜೂನ್ ೨೯, ಭಾನುವಾರ

ಇವತ್ತು ಯಾರ ಮೇಲೂ ಕೂಗಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ.

ಜುಲೈ ೨, ಬುಧವಾರ

ರೋಗ ಸಿಕ್ಕಿತು.

ಸ್ಟೀರಿಂಗಿನಿಂದ ಕೆಳಗಿನ ಸ್ಟೀರಿಂಗ್ ಬಾಕ್ಸಿಗೆ ಹೋಗುವ ಶಾಫ್ಟು ಇದೆಯಲ್ಲ, ಅದರ ನಡುವೆ ಬಿಸ್ಕತ್ತಿನಷ್ಟು ದಪ್ಪದ ಒಂದು ರಬ್ಬರ್ ಕಪ್ಲಿಂಗು. ಹರಿದು ನಾರುನಾರಾಗಿದೆ. ಮೇಲೆ ಸ್ಟೀರಿಂಗು ಕಾಲು ಸುತ್ತು ತಿರುಗಿದರೂ ಕೆಳಗೆ ಸುದ್ದಿ ಮುಟ್ಟುವುದಿಲ್ಲ.

ಹರಿದದ್ದು ಯಾಕೆ ಎಂದು ನಾಗಲಕ್ಷ್ಮಿ ಕೇಳಿದಳು. ಹಳೇದಾಗಿತ್ತು ಅಂದೆ. ಪುಸ್ತಕಕ್ಕೆ ಸುಳ್ಳು ಹೇಳಿ ಏನು ಪ್ರಯೋಜನ. ಹೋದ ವರ್ಷದ ಮಳೆಯಲ್ಲಿ ನಮ್ಮ ತಗ್ಗು ರಸ್ತೆ ತುಂಬಿ ಇಂಜಿನ್ನಿಗೆ ನೀರು ಹೋಯಿತು. ಗಾಡಿ ಎತ್ತರವಾಗಲಿ ಎಂದು ದೊಡ್ಡ ಟೈರು ಹಾಕಿದೆ. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಉಜ್ಜದಿರಲಿ ಎಂದು ಬಾಡಿಯನ್ನು ಚಾಸಿಯಿಂದ ಮೂರು ಇಂಚು ಮೇಲೆತ್ತಿದೆ. ಬಾಡಿಯ ಜೊತೆ ಸ್ಟೀರಿಂಗು ಮೇಲೆ ಹೋಯಿತು, ಬಾಕ್ಸು ಚಾಸಿಯ ಮೇಲೆ ಕೆಳಗೇ ಉಳಿಯಿತು. ನಡುವಿನ ಶಾಫ್ಟು ಓರೆಯಾಗಿ ಜಗ್ಗಿತು. ಪಾಪದ ರಬ್ಬರು ಎಷ್ಟು ದಿನ ತಡೆದೀತು? “ಎತ್ತೋದೆಲ್ಲ ಬೇಡ ಕಣ್ರೀ” ಎಂದು ಅವಳು ಆವತ್ತೇ ಹೇಳಿದ್ದಳು. ಆದರೆ ಅವಳು ಹೇಳಿದ್ದು ಗಾಡಿ ಹತ್ತಲು ಕಷ್ಟ ಎಂಬ ಕಾರಣಕ್ಕೆ. ಅದು ಲೆಕ್ಕಕ್ಕೆ ಬರುವುದಿಲ್ಲ.

ರಬ್ಬರು ಬದಲಾಯಿಸಿದರೆ ಮತ್ತೆ ಹರಿಯುತ್ತದೆ. ಇಡೀ ಶಾಫ್ಟೇ ಹೊಸದು ಮಾಡಿಸಬೇಕು. ಒಂದರೊಳಗೊಂದು ಜಾರುವ ಉಕ್ಕಿನದು, ಎರಡೂ ತುದಿಗೆ ಕ್ರಾಸ್ ಜಾಯಿಂಟು. ಓರೆ ಎಷ್ಟಿದ್ದರೂ ಅದು ತಡೆಯುತ್ತದೆ.

ಬನಶಂಕರಿಯಲ್ಲಿ ಲೇತು ಇಟ್ಟಿರುವ ಸುಭಾಷನ ಹತ್ತಿರ ಹೋದೆ. ಹದಿನೆಂಟು ವರ್ಷ ನನ್ನ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಈಗ ಅವನಿಗೇ ತಲೆ ನರೆತಿದೆ.

“ಮೇಸ್ತ್ರಿ, ಗಾಡಿ ಎತ್ತಿದಾಗ್ಲೇ ಹೇಳಿದ್ನಲ್ಲ…”

“ಹೇಳಿದ್ದನ್ನೆಲ್ಲ ಕೇಳಕ್ಕೆ ನಾನೇನು ರೇಡಿಯೋ ಮುಂದೆ ಕೂತಿದೀನಾ? ಮಾಡ್ಕೊಡು.”

ಜುಲೈ ೫, ಶನಿವಾರ

ಶಾಫ್ಟು ತಂದೆ. ಕೆಲಸ ಚೆನ್ನಾಗಿ ಮಾಡಿದ್ದಾನೆ, ಅವನಿಗೆ ಹೇಳಲಿಲ್ಲ. ಹೇಳಿದರೆ ಕೆಡುತ್ತಾನೆ.

ಆದರೆ ಒಂದು ವಿಷಯಕ್ಕೆ ಮೈ ಉರಿಯಿತು. ಜಾರುವ ಎರಡು ತುಂಡುಗಳು ಕೂಡುವ ಕಡೆ, ಒಂದರ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಒಂದು ಗೆರೆ, ಬಿಳಿ ಪೇಂಟಿನಲ್ಲಿ ಎಳೆದು ಕೊಟ್ಟಿದ್ದಾನೆ. “ಮೇಸ್ತ್ರಿ, ಬಿಚ್ಚಿದ್ರೆ ಈ ಎರಡು ಗೆರೆ ಎದುರುಬದುರು ಬರೋ ಹಂಗೇ ಕೂರಿಸಿ” ಎಂದು ಪಾಠ ಬೇರೆ.

ನನಗೆ! ನನ್ನ ಉಸ್ತಾದರು ಹೇಳುತ್ತಿದ್ದ ಮಾತು ಒಂದೇ: ಗುರುತು ಹಾಕುವವನು ಮರೆಯುವವನು. ಅವರ ಗ್ಯಾರೇಜಿನಲ್ಲಿ ಯಾರಾದರೂ ಸೀಮೆಸುಣ್ಣ ಹಿಡಿದರೆ ಕೈಗೆ ಸ್ಪ್ಯಾನರು ಬೀಳುತ್ತಿತ್ತು. ಐವತ್ತು ವರ್ಷ ನಾನು ಗುರುತಿಲ್ಲದೆ ಗೇರ್‌ಬಾಕ್ಸು ಇಳಿಸಿ ಏರಿಸಿದ್ದೇನೆ. ಕಡೆಗೆ ಒಂದೋ ಎರಡೋ ನಟ್ಟು ಉಳಿಯುತ್ತಿತ್ತು, ಅದು ಬೇರೆ ಮಾತು.

ನನ್ನ ಗಾಡಿಯ ಕೆಳಗೆ ಕಲಿಯುವವರ ಗುರುತು ಬೇಡ. ಸೀಮೆಎಣ್ಣೆ ಹಾಕಿ ಎರಡೂ ಗೆರೆ ಉಜ್ಜಿ ತೆಗೆದೆ. ಅವನು ಹಾಕಿದ ಗ್ರೀಸಿನ ಮೇಲೂ ನನಗೆ ನಂಬಿಕೆ ಇರಲಿಲ್ಲ. ಶಾಫ್ಟು ಎಳೆದು ಬಿಚ್ಚಿ, ನನ್ನ ಗ್ರೀಸು ತುಂಬಿ, ಮತ್ತೆ ಸೇರಿಸಿದೆ. ಎಣ್ಣೆಯಂತೆ ಜಾರಿ ಕೂತಿತು.

ಜುಲೈ ೭, ಸೋಮವಾರ

ಕೂರಿಸಿದೆ. ಸಡಿಲ ಒಂದು ಕೂದಲಷ್ಟೂ ಇಲ್ಲ. ಬೆರಳು ಅಲ್ಲಾಡಿಸಿದರೆ ಚಕ್ರ ಅಲ್ಲಾಡುತ್ತದೆ. ಹಬ್ಬ ಮಾಡೋಣ ಎಂದುಕೊಂಡೆ.

ನಾಗಲಕ್ಷ್ಮಿಯನ್ನು ಸೀಟಿನಲ್ಲಿ ಕೂರಿಸಿ ತಿರುಗಿಸಲು ಹೇಳಿದೆ. ತಿರುಗಿಸುತ್ತಾ ತಿರುಗಿಸುತ್ತಾ ಮುಖ ಸಿಂಡರಿಸಿದಳು.

“ರೀ, ಇದು ಒಂದು ಸುತ್ತಿಗೆ ಎರಡು ಸಲ ಬಿಗಿಯಾಗತ್ತೆ. ಎರಡು ಸಲ ಸಡಿಲ ಆಗತ್ತೆ.”

“ಹೊಸದು. ಹಂಗೇ ಇರತ್ತೆ.”

“ಹೊಸದಾದ್ರೆ ಪೂರ್ತಿ ಬಿಗಿ ಇರ್ಬೇಕಲ್ವಾ? ಚಕ್ಕುಲಿ ಒರಳಿಗೆ ಗಂಟಿರೋ ಹಿಟ್ಟು ಹಾಕ್ದಂಗೆ ಹಿಡ್ದು ಹಿಡ್ದು ಬಿಡ್ತಾ ಇದೆ.”

“ಗಾಡಿ ವಿಷಯದಲ್ಲಿ ಚಕ್ಕುಲಿ ತರಬೇಡ!”

ಅವಳನ್ನು ಇಳಿಸಿ ನಾನೇ ಓಡಿಸಿದೆ. ಪದ್ಮನಾಭನಗರದ ತನಕ ಹೋಗಿ ಬಂದೆ. ತಿರುವಿನಲ್ಲಿ ಒಮ್ಮೆ ಕಲ್ಲು, ಒಮ್ಮೆ ಬೆಣ್ಣೆ. ಕಲ್ಲು ಎಂದು ಬಲ ಹಾಕಿದರೆ ಅಷ್ಟರಲ್ಲಿ ಬೆಣ್ಣೆಯಾಗಿ, ಒಬ್ಬ ಎಳನೀರಿನವನ ಗಾಡಿಯ ಹತ್ತಿರದವರೆಗೂ ಹೋಗಿ ನಿಂತೆ. ಅವನು ಎಳನೀರು ಕೊಚ್ಚಲೇ ಎಂದು ಕೇಳಿದ. ಕುಡಿದೆ. ಅಲ್ಲಿಗೇ ಹೋಗಿದ್ದೆ ಎಂಬಂತೆ.

ನಾಗಲಕ್ಷ್ಮಿ ಹೇಗಿದೆ ಅಂದಳು. ಸಖತ್ತಾಗಿದೆ ಅಂದೆ.

ಜುಲೈ ೯, ಬುಧವಾರ

ಸುಭಾಷನ ಲೇತಿಗೆ ಹೋಗಿ ಚೆನ್ನಾಗಿ ಉಗಿದೆ. ನಾಲ್ಕು ಜನ ಗಿರಾಕಿಗಳ ಮುಂದೆ.

“ಏನೋ ಇದು ಶಾಫ್ಟು? ಒಂದು ಸುತ್ತಿಗೆ ಎರಡು ಸಲ ಹಿಡಿಯತ್ತೆ. ಕ್ರಾಸು ಡಬ್ಬಾ ಹಾಕಿದೀಯ.”

ಅವನು ಲೇತು ನಿಲ್ಲಿಸಿ, ಕೈ ಒರೆಸಿಕೊಂಡ. “ಮೇಸ್ತ್ರಿ, ಬಿಚ್ಚಿದ್ರಾ?”

“ಇಲ್ಲ.”

“ನಾನು ಹಾಕಿದ್ದ ಗೆರೆ ಎದುರುಬದುರು ಇದ್ಯಾ?”

“ಯಾವ ಗೆರೆ? ಗೆರೆ ಇರ್ಲಿಲ್ಲ.”

ಅವನು ನನ್ನನ್ನೇ ನೋಡಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

“ಸರಿ ಮೇಸ್ತ್ರಿ. ಗಾಡಿ ತನ್ನಿ, ನೋಡ್ತೀನಿ.”

“ನಿನ್ನ ಹತ್ರ ಇನ್ನೊಂದ್ಸಲ ಬಂದ್ರೆ ನನ್ನ ಹೆಸರು ಬೈರಣ್ಣ ಅಲ್ಲ” ಎಂದು ಬಂದುಬಿಟ್ಟೆ.

ಗೆರೆಗೂ ಇದಕ್ಕೂ ಸಂಬಂಧ ಇಲ್ಲ. ಗೆರೆ ಪೇಂಟು. ಪೇಂಟು ಹೋದರೆ ಉಕ್ಕಿಗೆ ಏನಾಗುತ್ತದೆ?

ಜುಲೈ ೧೦, ಗುರುವಾರ

ಬಿಪಿ ನೂರ ಎಂಬತ್ತು. ನೋಡಿದವಳು ಶೃತಿ. “ಡೈರಿ ಬರೀತಿದೀರಾ?” ಅಂದಳು. ಬರೆಯುತ್ತಿದ್ದೇನೆ ಅಂದೆ. “ಮತ್ತೆ ಯಾಕಪ್ಪ ಏರಿದೆ?” ಬರೆದದ್ದನ್ನು ಓದಿಕೊಂಡೆ, ಅದಕ್ಕೆ ಅಂದೆ.

ಜುಲೈ ೧೪, ಸೋಮವಾರ

ಈ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಸರ್ಕಾರ ನಡೆಯುತ್ತಿದೆ.

ಸಂಜೆ ಶೃತಿ ಒಂದು ಕಾಗದ ತಂದು ಅಮ್ಮನ ಕೈಗೆ ಕೊಟ್ಟಳು. ಇಬ್ಬರೂ ನಗುತ್ತಿದ್ದರು. ಕಿತ್ತುಕೊಂಡು ನೋಡಿದೆ. ನಾಗಲಕ್ಷ್ಮಮ್ಮ, ವಯಸ್ಸು ಅರವತ್ತೆರಡು, ಕಲಿಯುವವರ ಲೈಸೆನ್ಸು. ಎಲ್‌ಎಲ್‌ಆರ್! ಮಗಳ ಮನೆಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದಿದ್ದಾಳೆ. ಡಾಕ್ಟರು ಕಣ್ಣು ನೋಡಿ ಸಹಿ ಕೂಡ ಹಾಕಿದ್ದಾರೆ.

“ಹದಿನೈದಕ್ಕೆ ಹದಿನಾಲ್ಕು ಸರಿ ಅಪ್ಪ!”

“ತಪ್ಪಾಗಿದ್ದು ಯಾವುದು?” ಅಂದೆ.

“ಹಾರನ್ ಯಾವಾಗ ಹೊಡೀಬೇಕು ಅನ್ನೋದು” ಅಂದಳು ನಾಗಲಕ್ಷ್ಮಿ. “ಅದೊಂದೇ ನಿಮ್ಮನ್ನ ನೋಡಿ ಬರೆದಿದ್ದು.”

ಮಾರುವ ಗಾಡಿಗೆ ಲೈಸೆನ್ಸು ಯಾಕೆ ಎಂದು ಕೂಗಿದೆ. ಅವಳು ಕೂಗಲಿಲ್ಲ.

“ಮೂವತ್ತೊಂದು ವರ್ಷ ನನ್ನ ಹೆಸರಲ್ಲಿದೆ. ಒಂದು ಸಲನಾದ್ರೂ ಓಡ್ಸಿ ಆಮೇಲೆ ಮಾರ್ತೀನಿ. ನಿಮ್ಮ ಸ್ಟೀರಿಂಗ್ ಅಷ್ಟರೊಳಗೆ ನೆಟ್ಟಗಾದ್ರೆ.”

“ಅದು ಗಂಡಸರೇ ತಿರುಗ್ಸಕ್ಕೆ ಒದ್ದಾಡೋ ಗಾಡಿ!”

“ಇಷ್ಟು ವರ್ಷ ನೀವು ಕೆಳಗೆ ಮಲಗಿದ್ದಾಗ ತಿರುಗಿಸ್ತಿದ್ದೋಳು ಯಾರು?”

ಶೃತಿ ಅಡಿಗೆಮನೆಗೆ ಹೋದಳು. ಅಲ್ಲಿ ನಕ್ಕಿದ್ದು ಕೇಳಿಸಿತು.

ಜುಲೈ ೧೫, ಮಂಗಳವಾರ

ಮಾತಿಲ್ಲ. ಉಪ್ಪಿಟ್ಟು ಕೊಟ್ಟಳು, ತಿಂದೆ. ಉಪ್ಪು ಸರಿಯಾಗಿತ್ತು. ಅದಕ್ಕೂ ಕೋಪ ಬಂತು.

ಜುಲೈ ೧೯, ಶನಿವಾರ

ಆರು ದಿನ ಉಳಿದಿದೆ. ಬಾಕ್ಸಿನ ಎಣ್ಣೆ ಬದಲಾಯಿಸಿದೆ, ಏನೂ ಆಗಲಿಲ್ಲ. ಚಕ್ರದ ಕೀಲುಗಳಿಗೆಲ್ಲ ಗ್ರೀಸು ಹೊಡೆದೆ. ಕಲ್ಲು, ಬೆಣ್ಣೆ, ಕಲ್ಲು, ಬೆಣ್ಣೆ. ಮೊನ್ನೆ ಗಾಡಿ ಕೆಳಗಿನಿಂದ ಎದ್ದವನಿಗೆ ತಲೆ ಗಿರ್ರೆಂದು ತಿರುಗಿ, ಅನಂತರಾಮು ಕೈ ಹಿಡಿದು ಕೂರಿಸಿದರು. ಇನ್ನು ಕೆಳಗೆ ಮಲಗಕೂಡದು ಎಂದು ಶೃತಿ ಫೋನಿನಲ್ಲೇ ಆಣೆ ಹಾಕಿಸಿದಳು.

ಇವತ್ತು ಜಗಲಿಯ ಮೇಲೆ ಸುಮ್ಮನೆ ಕೂತಿದ್ದೆ. ಒಳಗಿನಿಂದ ನಾಗಲಕ್ಷ್ಮಿ ಬಂದಳು. ಶೃತಿಯ ಹಳೇ ಪ್ಯಾಂಟು, ನನ್ನ ಹಳೇ ಶರಟು, ತಲೆಗೆ ಟವೆಲು, ಕೈಯಲ್ಲಿ ಟಾರ್ಚು.

“ಹೋಗಿ ಮೇಲೆ ಕೂತ್ಕೊಳ್ಳಿ.”

“ನೀನು?”

“ಕೆಳಗೆ ಹೋಗ್ತೀನಿ. ಮೂರು ಇಂಚು ಎತ್ತಿದೀರಲ್ಲ, ನಂಗೆ ಬೇಕಾದಷ್ಟು ಜಾಗ ಇದೆ.”

ಬೇಡ ಅನ್ನುವಷ್ಟರಲ್ಲಿ ಗೋಣಿ ಹಾಸಿಕೊಂಡು ಜಾರಿಯೇ ಬಿಟ್ಟಳು. ಕಾಲುಂಗುರದ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿತ್ತು. ನಾನು ಹೋಗಿ ಸೀಟಿನಲ್ಲಿ ಕೂತೆ.

“ತಿರುಗ್ಸಿ. ನಿಧಾನ! ಎಡಕ್ಕೆ. ಆ ಎಡಕ್ಕಲ್ಲ ಕಣ್ರೀ, ನನ್ನ ಎಡಕ್ಕೆ!”

ತಿರುಗಿಸಿದೆ.

“ನಿಲ್ಸಿ. ಇಲ್ಲಿ ಬಿಗಿ ಆಯ್ತಾ?”

“ಆಯ್ತು.”

“ಇನ್ನು ಸ್ವಲ್ಪ. ಈಗ ಸಡಿಲ ಅಲ್ವಾ?”

“ಹೌದು. ನಿನಗೆ ಹೆಂಗೆ ಗೊತ್ತಾಯ್ತು?”

“ಕಾಣ್ಸತ್ತೆ. ಶಾಫ್ಟಿನ ಎರಡು ತುದೀಲೂ ಕವೆ ಇದ್ಯಲ್ಲ, ಮೇಲಿನ ಕವೆ ನಿಂತಿದೆ, ಕೆಳಗಿನ ಕವೆ ಮಲಗಿದೆ. ಜಗಳ ಆಡಿರೋ ಅಣ್ಣ ತಮ್ಮನ ಥರ. ಎರಡೂ ಒಂದೇ ಥರ ಇರಬೇಕಲ್ವೇನ್ರೀ? ಒಂದು ಎಳೆಯೋವಾಗ ಇನ್ನೊಂದು ಅಡ್ಡ ಬರ್ತಿದೆ.”

ನಾನು ಸ್ಟೀರಿಂಗಿನಿಂದ ಕೈ ತೆಗೆದೆ. ಎರಡು ಕವೆಗಳು ಒಂದೇ ಸಾಲಿನಲ್ಲಿರಬೇಕು. ಇದು ನನಗೆ ಹದಿನಾಲ್ಕನೇ ವಯಸ್ಸಿನಿಂದ ಗೊತ್ತು. ಸುಭಾಷನಿಗೆ ಕಲಿಸಿದ್ದೇ ನಾನು. ಅವನು ಎಳೆದ ಗೆರೆ ಇದೇ ಆಗಿತ್ತು. ನಾನು ಉಜ್ಜಿ, ಬಿಚ್ಚಿ, ಕಾಲು ಸುತ್ತು ತಪ್ಪಾಗಿ ಸೇರಿಸಿದ್ದೆ.

“ರೀ, ಇದೀರಾ?” ಎಂದು ಕೆಳಗಿನಿಂದ ಕೇಳಿತು.

“ಇದೀನಿ.”

“ಬಿಚ್ಚಲಾ?”

ನಾನು ಮೇಲಿನಿಂದ ಹೇಳಿದೆ, ಅವಳು ಬಿಚ್ಚಿದಳು. ಹದಿನಾಲ್ಕರ ಸ್ಪ್ಯಾನರು ಕೇಳಿದರೆ ಮೊದಲ ಸಲ ಹದಿನೇಳು ಕೊಟ್ಟೆ, ಬೈಸಿಕೊಂಡೆ. ಶಾಫ್ಟು ತಿರುಗಿಸಿ, ಎರಡು ಕವೆ ಒಂದೇ ಸಾಲಿಗೆ ತಂದು ಸೇರಿಸಿದೆವು. ಬೋಲ್ಟು ಕೂರಿಸುವ ಮೊದಲು, “ಒಂದ್ನಿಮಿಷ” ಎಂದು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಎರಡು ತುಂಡು ಕೂಡುವ ಕಡೆ ಈ ಕಡೆಗೊಂದು ಬೊಟ್ಟು, ಆ ಕಡೆಗೊಂದು ಬೊಟ್ಟು. ಗ್ರೀಸಿನ ಮೇಲೆ ಕುಂಕುಮ ಚೆನ್ನಾಗಿ ಹಿಡಿಯುತ್ತದೆ.

ಉಸ್ತಾದರು ನೋಡಿದ್ದರೆ ಸ್ಪ್ಯಾನರು ಬೀಸುತ್ತಿದ್ದರು. ನಾನು ಒರೆಸಲಿಲ್ಲ. ಕುಂಕುಮ ಒರೆಸಬಾರದು, ಅದಕ್ಕೆ.

ಸ್ಟೀರಿಂಗು ಈಗ ಒಂದೇ ಹದ. ಮೇಲಿನಿಂದ ಕೆಳಗೆ ನೀರು ಬಿಟ್ಟಂತೆ.

ಜುಲೈ ೨೧, ಸೋಮವಾರ

ಸುಭಾಷನ ಲೇತಿಗೆ ಹೋದೆ. ಖಾರ ಬನ್ನು ತೆಗೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಬೇಕರಿ ಇತ್ತು, ಅಷ್ಟೇ.

ಅವನು ಏನೋ ಕಡೆಯುತ್ತಿದ್ದ. ಸ್ಟೂಲಿನ ಮೇಲೆ ಕೂತೆ. ಒಬ್ಬ ಗಿರಾಕಿ ಹೋದ. ಇನ್ನೊಬ್ಬ ಬಂದ, ಹೋದ. ನಾನು ಕೂತೇ ಇದ್ದೆ. ಕಡೆಗೆ, “ಗೆರೆ ಇತ್ತು” ಅಂದೆ.

“ಗೊತ್ತು ಮೇಸ್ತ್ರಿ.”

“ಹೆಂಗೆ ಗೊತ್ತು?”

“ಬಿಚ್ಚಿಲ್ಲ ಅಂದ್ರಲ್ಲ, ಆಗ್ಲೇ. ಹೊಸ ಗಡಿಯಾರ ತಂದ್ರೂ ಬಿಚ್ಚಿ ನೋಡೋರು ನೀವು. ಬಿಚ್ಚದೆ ಇರೋ ಜನ್ಮನಾ ನಿಮ್ದು?”

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

“ನಾಲ್ಕು ಜನ ಇದ್ರಲ್ಲ ಮೇಸ್ತ್ರಿ.”

ಅವನು ಬನ್ನು ಮುರಿದು ಅರ್ಧ ನನಗೆ ಕೊಟ್ಟ. ತಪ್ಪು ಎಲ್ಲಿದೆ ಎಂದು ಕಂಡುಹಿಡಿದದ್ದು ಯಾರು ಎಂದು ಕೇಳಿದ.

“ನಾವು” ಅಂದೆ.

ಅವನಿಗೆ ಯಾಕೆ ನಗು ಬಂತೋ ಗೊತ್ತಿಲ್ಲ. ಬನ್ನು ನೆತ್ತಿಗೆ ಹತ್ತುವಷ್ಟು ನಕ್ಕ.

ಜುಲೈ ೨೪, ಗುರುವಾರ

ಭೀಮನ ಅಮಾವಾಸ್ಯೆ. ಗಂಡನ ಪಾದ ಪೂಜೆ ಮಾಡುವ ದಿನ. ಮಣೆ ಹಾಕಿ ಕೂರಿಸಿದಳು. ನನ್ನ ಹಿಮ್ಮಡಿಯ ಗ್ರೀಸು ಹೋಗಲಿಲ್ಲ. ಮೊದಲು ನೀರು ಹಾಕಿದಳು, ಆಮೇಲೆ ಸೋಪು, ಆಮೇಲೆ ಪಾತ್ರೆ ತಿಕ್ಕುವ ನಾರು.

“ಪೂಜೆ ಮಾಡ್ತಿದೀಯೋ, ಪಾಲಿಶ್ ಮಾಡ್ತಿದೀಯೋ?”

“ಸುಮ್ನಿರಿ. ದೇವರು ಮಾತಾಡಬಾರದು.”

ಅವಳ ಉಗುರಿನ ಸಂದಿಯಲ್ಲೂ ಗ್ರೀಸಿತ್ತು. ಹೇಳಲಿಲ್ಲ. ಅರಿಶಿನ ಹಚ್ಚಿ, ಹೂವಿಟ್ಟು, ನಮಸ್ಕಾರ ಮಾಡಿದಳು.

“ನಾಳೆ ಕೆಂಪರಾಜು ಬರ್ತಾನೆ. ಏನ್ ಮಾಡ್ತೀಯ?” ಎಂದು ಕೇಳಿದೆ. ಮೆಲ್ಲಗೇ ಕೇಳಿದೆ.

“ನಾಳೆದು ನಾಳೆ. ಮೊದಲು ಆಶೀರ್ವಾದ ಮಾಡಿ.”

ಮಾಡಿದೆ. ರಾತ್ರಿ ಹೋಗಿ ಗಾಡಿ ತೊಳೆಯೋಣ ಎಂದುಕೊಂಡೆ, ಹೂಕುಂಡಕ್ಕೆ ಯಾಕೆ ತೊಳೆಯಬೇಕು ಎಂದು ಸುಮ್ಮನಾದೆ. ಆಮೇಲೆ ತೊಳೆದೆ.

ಜುಲೈ ೨೫, ಶುಕ್ರವಾರ

ಹತ್ತು ಗಂಟೆಗೆ ಕೆಂಪರಾಜು ಬಂದ. ಬಿಳಿ ಶರಟು, ಹಣೆಗೆ ಗಂಧ, ಹಿಂದೆ ಎಳೆದುಕೊಂಡು ಹೋಗುವ ಕ್ರೇನು. ಸಾಲದೆಂದು ಟ್ರಕ್ಕಿಗೆ ಹಾಕಲು ಒಂದು ಹಾರ. ಬದುಕಿರುವ ಗಾಡಿಗೆ ಹಾರ!

“ಅಕ್ಕ, ಪೇಪರ್ ರೆಡಿ ಇದೆಯಾ?” ಎಂದು ಕೇಳುವ ಮೊದಲೇ ನಾಗಲಕ್ಷ್ಮಿ ಬೀಗದ ಕೈ ಹಿಡಿದು ಹೊರಗೆ ಬಂದಳು. “ಕೂತ್ಕೊಳಪ್ಪ ಕೆಂಪರಾಜು. ಕಾಫಿ ಕುಡಿ. ಒಂದು ರೌಂಡ್ ಹೊಡ್ದು ಬರ್ತೀನಿ.” ನನ್ನ ಕಡೆ ನೋಡಿದಳು. “ಹತ್ತಿ. ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂರಬೇಕಂತೆ. ಪರೀಕ್ಷೇಲಿ ಕೇಳಿದ್ರು.”

ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿ ರೆಡಿ ಮಾಡಿದ್ದಳು. ನಮ್ಮ ರಸ್ತೆಯ ಕೊನೆಯಲ್ಲಿ ದೊಡ್ಡ ಖಾಲಿ ಸೈಟು ಇದೆ. ಅಲ್ಲಿಯವರೆಗೆ ನಾನು ಓಡಿಸಿದೆ, ಅಲ್ಲಿ ಜಾಗ ಬದಲಾಯಿಸಿಕೊಂಡೆವು. ಮೂರು ಸಲ ಇಂಜಿನ್ನು ಆಫ್ ಮಾಡಿದಳು. ನಾನು ಕೂಗಲಿಲ್ಲ. ಕೂಗಲು ಬಾಯಿ ತೆಗೆದೆ, ಅಷ್ಟರಲ್ಲಿ ಗಾಡಿ ಹೊರಟಿತು, ಮುಚ್ಚಿದೆ. ಕ್ಲಚ್ಚು ಬಿಡುವುದು ಬರುವುದಿಲ್ಲ ಅವಳಿಗೆ. ಆದರೆ ಸ್ಟೀರಿಂಗು! ಎರಡು ಸುತ್ತು ಸೈಟಿನ ಅಂಚಿನಲ್ಲಿ ಗೆರೆ ಎಳೆದಂತೆ ತಿರುಗಿಸಿದಳು. ಮಾಡಿದ ಕೈಗೆ ಗೊತ್ತಿರುತ್ತದೆ.

ವಾಪಸು ಬಂದಾಗ ಕೆಂಪರಾಜು ಎರಡನೇ ಕಾಫಿ ಮುಗಿಸಿದ್ದ. ಅನಂತರಾಮು ಗೇಟಿನ ಒಳಗೆ, ಸ್ವಲ್ಪ ಹಿಂದಕ್ಕೇ, ನಿಂತಿದ್ದರು.

“ಆಯ್ತಾ ಅಕ್ಕ? ಸೈನ್ ಹಾಕ್ತೀರಾ?”

ಆ ಗಳಿಗೆ ನನ್ನ ಬಿಪಿ ನೋಡಿದ್ದರೆ ಮಿಷನ್ನು ಒಡೆಯುತ್ತಿತ್ತು.

“ಹೆಂಗಪ್ಪ ಹಾಕ್ಲಿ? ರಿವರ್ಸ್ ಇನ್ನೂ ಕಲಿತಿಲ್ಲ” ಅಂದಳು.

“ಅಕ್ಕ, ನಾನು ಕ್ರೇನ್ ತಂದಿದೀನಿ…”

“ಶ್ರಾವಣ ಶುಕ್ರವಾರ ಮನೆಗೆ ಬಂದಿದೀಯ, ಬರಿಗೈಲಿ ಕಳಿಸ್ತೀನಾ?” ಎಂದು ಒಳಗಿನಿಂದ ಎಲೆ ಅಡಿಕೆ, ಬಾಳೆಹಣ್ಣು, ಒಂದು ಡಬ್ಬಿ ಚಕ್ಕುಲಿ ತಂದು ಕೊಟ್ಟಳು. ಅವನು ನನ್ನ ಮುಖ ನೋಡಿದ. ನಾನೇನು ಮಾಡಲಿ? ಗಾಡಿ ಅವಳ ಹೆಸರಿನಲ್ಲಿದೆ ಎಂದು ಹೇಳಿದೆ.

ಅವನು ತಂದಿದ್ದ ಹಾರವನ್ನು ಅನಂತರಾಮು ಕೇಳಿ ಪಡೆದುಕೊಂಡು ಮನೆಯ ದೇವರಿಗೆ ಹಾಕಿದರು.

ಜುಲೈ ೨೭, ಭಾನುವಾರ

ಬೆಳಿಗ್ಗೆ ಐದೂವರೆಗೆ ಎಬ್ಬಿಸಿದಳು. ರಸ್ತೆ ಖಾಲಿ ಇರುವಾಗಲೇ ಬೇಗೂರಿನ ದೇವಸ್ಥಾನಕ್ಕೆ ಹೋಗಿ ಬರೋಣವಂತೆ. ಅವಳೇ ಓಡಿಸುವುದಂತೆ.

ನಾನು ಎಡಗಡೆ ಕೂತೆ. ದಾರಿ ಪೂರ್ತಿ ಬಲಗಾಲಿನಿಂದ ನೆಲ ಒತ್ತುತ್ತಿದ್ದೆ, ಅಲ್ಲಿ ಬ್ರೇಕಿಲ್ಲ ಎಂದು ಗೊತ್ತಿದ್ದೂ. ಸಿಗ್ನಲಿನಲ್ಲಿ ಒಬ್ಬ ಸ್ಕೂಟರಿನವನು ಎಲ್ ಬೋರ್ಡು ನೋಡಿ, ಆಮೇಲೆ ಅವಳನ್ನು ನೋಡಿ, “ಆಂಟಿ, ಸೂಪರ್!” ಅಂದ. ಹಸಿರು ಬಂದರೂ ಅವಳು ಹೊರಡಲಿಲ್ಲ, ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದಳು.

ಬನ್ನೇರುಘಟ್ಟ ರಸ್ತೆ ದಾಟುವ ಹೊತ್ತಿಗೆ ನನಗೆ ಕೂರಲಾಗಲಿಲ್ಲ. ಏನೋ ಚುಚ್ಚುತ್ತಿದೆ, ಮೊನ್ನೆ ಸೈಟಿನಲ್ಲಿ ಗಾಬರಿಗೆ ಗೊತ್ತಾಗಿರಲಿಲ್ಲ. ಆ ಕಡೆ ಸರಿದೆ, ಈ ಕಡೆ ಸರಿದೆ. ಸೀಟಿನ ಸ್ಪ್ರಿಂಗು ರೆಕ್ಸಿನ್ನಿನ ಕೆಳಗೆ ಮುಳ್ಳಿನಂತೆ ಎದ್ದು ನಿಂತಿದೆ. ರಸ್ತೆಯ ಪ್ರತಿ ಉಬ್ಬಿಗೂ ತೊಡೆಗೆ ಸೂಜಿ.

“ಏಯ್, ಈ ಸೀಟಲ್ಲಿ ಸ್ಪ್ರಿಂಗ್ ಎದ್ದಿದೆ ಕಣೇ!”

“ಹೂಂ.”

“ಇದು ಎಷ್ಟು ದಿನದಿಂದ?”

“ತೊಂಬತ್ತೆಂಟರಿಂದ.”

“ಹೇಳಕ್ಕೆ ಏನಾಗಿತ್ತು ನಿಂಗೆ?”

“ಹೇಳಿದ್ದೆ. ತೊಂಬತ್ತೆಂಟರಲ್ಲಿ.”

ಗೇರು ಬದಲಾಯಿಸಿದಳು. ಈ ಸಲ ಸದ್ದು ಬರಲಿಲ್ಲ. ನಾನು ಬೇಗೂರು ಬರುವ ತನಕ ಒಂದೇ ತೊಡೆಯ ಮೇಲೆ ಕೂತು, ಹೊರಗೆ ನೋಡಿಕೊಂಡು ಹೋದೆ.

ನಾಳೆ ಮೊದಲು ಆ ಸೀಟು ಬಿಚ್ಚಿ ಸ್ಪ್ರಿಂಗು ಬದಲಾಯಿಸಬೇಕು. ಇನ್ನು ಮೇಲೆ ಅಲ್ಲಿ ಕೂರಬೇಕಾದವನು ನಾನು.